ಸಂಗನಕಲ್ಲಿನ ಮತಪೆಟ್ಟಿಗೆ, ತಂಬ್ರಹಳ್ಳಿಯ ರಸ್ತೆ

ಬಳ್ಳಾರಿ ಮಗ್ಗುಲಿನ ಸಂಗನಕಲ್ಲು ಎಂದರೆ ಚರಿತ್ರೆ ಓದಿದವರಿಗೆ ನವಶಿಲಾಯುಗದ ಕಲ್ಲುಕೊಡಲಿಗಳ ಬೆಟ್ಟ ನೆನಪಾಗುತ್ತದೆ. 2022ರ ಅಕ್ಟೋಬರ್ 17ರಂದು ಅದೇ ಊರಲ್ಲಿ ಒಂದು ಮತಪೆಟ್ಟಿಗೆ ಇಟ್ಟಿದ್ದರು. ಕಾಂಗ್ರೆಸ್ ಪಕ್ಷದ ಅಧ್ಯಕ್ಷರು ಯಾರಾಗಬೇಕೆಂದು ದೇಶದ ಉದ್ದಗಲಕ್ಕೂ ಆ ಪಕ್ಷದ ಪ್ರತಿನಿಧಿಗಳು ಮತ ಹಾಕಿದ ದಿನ ಅದು. ಭಾರತ್ ಜೋಡೋ ಯಾತ್ರೆಯಲ್ಲಿ ನಡೆಯುತ್ತಿದ್ದವರು ತಂತಮ್ಮ ರಾಜ್ಯಕ್ಕೆ ಹೋಗಿಬರಲಾಗದೆಂದು ಬಿಡಾರದಲ್ಲೇ ಮತಗಟ್ಟೆ ಮಾಡಲಾಗಿತ್ತು. ರಾಹುಲ್ ಗಾಂಧಿ ಸೇರಿದಂತೆ ಸುಮಾರು ನಲವತ್ತು ಮಂದಿ ಅಲ್ಲಿ ಸರದಿಯಲ್ಲಿ ನಿಂತು ಮತ ಹಾಕಿದರು. ಸೆಪ್ಟೆಂಬರ್ 7ಕ್ಕೆ ಕನ್ಯಾಕುಮಾರಿ ಬಿಟ್ಟಿದ್ದ ಆ ನಡಿಗೆ ಎರಡು ದಿನ ಮೊದಲಷ್ಟೇ ಬಳ್ಳಾರಿಯಲ್ಲಿ ಸಾವಿರ ಕಿಲೋಮೀಟರ್ ಮುಗಿಸಿತ್ತು.

ನಾನು ದೂರದ ಓಟ ಹಿಡಿದದ್ದು ಆ ವರ್ಷದ ಮಳೆಗಾಲದ ಕೊನೆಯಲ್ಲಿ. ತಂಬ್ರಹಳ್ಳಿಯಿಂದ ಹಗರಿಬೊಮ್ಮನಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಬೆಳಕು ಹರಿಯುವ ಮುಂಚೆ ಓಡುವುದು, ಒಂದು ಕಿವಿಯಲ್ಲಿ ಸುದ್ದಿ ಕೇಳುವುದು. ಮಲ್ಲಿಕಾರ್ಜುನ ಖರ್ಗೆ ಒಂದು ಕಡೆ, ಶಶಿ ತರೂರ್ ಇನ್ನೊಂದು ಕಡೆ. ನಮ್ಮದೇ ನಾಡಿನ, ಬೀದರ್ ಜಿಲ್ಲೆಯ ವರವಟ್ಟಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ಬೆಳೆದ ನಾಯಕರೊಬ್ಬರು ಸ್ಪರ್ಧೆಯಲ್ಲಿದ್ದರೆಂಬ ಅಭಿಮಾನ ಸಹಜವಾಗಿಯೇ ಇತ್ತು. ಆದರೆ ನನ್ನನ್ನು ಹಿಡಿದಿಟ್ಟದ್ದು ಯಾರು ಗೆಲ್ಲುತ್ತಾರೆ ಎಂಬುದಲ್ಲ. ಪಕ್ಷವೊಂದು ತನ್ನೊಳಗೆ ಹೇಗೆ ಆಯ್ಕೆ ಮಾಡುತ್ತದೆ ಎಂಬುದನ್ನು ಹಂತ ಹಂತವಾಗಿ ಕಣ್ಣಾರೆ ನೋಡುವ ಅವಕಾಶ ನಮಗೆ ಎಷ್ಟು ವಿರಳ ಎಂಬುದು.

ಆ ಹಂತಗಳು ಹೀಗಿದ್ದವು. ಸೆಪ್ಟೆಂಬರ್ 22ಕ್ಕೆ ಅಧಿಸೂಚನೆ, 30ಕ್ಕೆ ನಾಮಪತ್ರಕ್ಕೆ ಕೊನೆಯ ದಿನ. ಮೂರನೆಯ ಅಭ್ಯರ್ಥಿಯಾಗಿದ್ದ ಜಾರ್ಖಂಡ್‌ನ ಕೆ.ಎನ್. ತ್ರಿಪಾಠಿ ಅವರ ನಾಮಪತ್ರ ತಿರಸ್ಕೃತವಾಯಿತು. ಮತ ಹಾಕುವವರು ಪಕ್ಷದ ಎಲ್ಲ ಸದಸ್ಯರಲ್ಲ, ಪ್ರದೇಶ ಕಾಂಗ್ರೆಸ್ ಸಮಿತಿಗಳ ಪ್ರತಿನಿಧಿಗಳು. ಇಡೀ ದೇಶಕ್ಕೆ ಒಂಬತ್ತು ಸಾವಿರಕ್ಕೂ ಮೀರಿದ ಮಂದಿ. ಮತಪತ್ರದಲ್ಲಿ ಇಷ್ಟದ ಹೆಸರಿನ ಮುಂದೆ ‘1’ ಎಂದು ಬರೆಯಿರಿ ಎಂದು ಮೊದಲು ಸೂಚಿಸಿದ್ದರು. ಖರ್ಗೆಯವರ ಕ್ರಮಸಂಖ್ಯೆಯೂ 1 ಆಗಿದ್ದರಿಂದ ಮತದಾರರಿಗೆ ಗೊಂದಲವಾದೀತು ಎಂದು ತರೂರ್ ಪಾಳಯ ಆಕ್ಷೇಪಿಸಿತು. ಪಕ್ಷದ ಚುನಾವಣಾ ಪ್ರಾಧಿಕಾರದ ಮುಖ್ಯಸ್ಥ ಮಧುಸೂದನ್ ಮಿಸ್ತ್ರಿ ಅದನ್ನು ಒಪ್ಪಿ ಟಿಕ್ ಗುರುತು ಸಾಕೆಂದರು. ಎಣಿಕೆಗೆ ಮುನ್ನ ಎಲ್ಲ ರಾಜ್ಯಗಳ ಮತಪತ್ರಗಳನ್ನೂ ಒಟ್ಟಿಗೆ ಬೆರೆಸಿದರು, ಯಾವ ರಾಜ್ಯದವರು ಯಾರ ಕಡೆ ಎಂಬುದು ತಿಳಿಯಬಾರದೆಂದು. ಅಕ್ಟೋಬರ್ 19ಕ್ಕೆ ಫಲಿತಾಂಶ: ಖರ್ಗೆಯವರಿಗೆ 7897, ತರೂರ್ ಅವರಿಗೆ 1072, ಅಸಿಂಧು 416.

ಒಂದು ಟಿಕ್ ಗುರುತಿನ ಬಗ್ಗೆ ಇಷ್ಟು ಚರ್ಚೆ ಬೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಬೇಕು. ಪಕ್ಷದೊಳಗಿನ ಪ್ರಜಾಪ್ರಭುತ್ವ ಇರುವುದು ಇಂಥ ಸಣ್ಣ ಸಂಗತಿಗಳಲ್ಲೇ.

ಆಗ ನನ್ನ ಜೊತೆ ಓಡುತ್ತಿದ್ದವನು ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೆ ತಯಾರಿ ನಡೆಸಿದ್ದ ಹುಡುಗ. ಅವನ ಪ್ರಶ್ನೆ ನೇರವಾಗಿತ್ತು: “ಅಲ್ಲಣ್ಣ, ಅಧ್ಯಕ್ಷರನ್ನ ಆರಿಸಾಕ ನಮ್ ತಾಲೂಕಿನಾಗ ಎಷ್ಟು ಮಂದಿಗೆ ಓಟು ಐತಿ?” ಒಂದು ಬ್ಲಾಕ್ ಸಮಿತಿಯಿಂದ ಒಬ್ಬ ಪ್ರತಿನಿಧಿ ಎಂಬುದು ಆ ಪಕ್ಷದ ನಿಯಮ ಎಂದೆ. “ಅಂದ್ರ ಊರಾಗಿನ ಕಾರ್ಯಕರ್ತರಿಗೆ ಇಲ್ಲ,” ಎಂದು ಅವನೇ ಮಾತು ಮುಗಿಸಿದ.

ಅವನ ಓಟದ ಬಗ್ಗೆಯೂ ಹೇಳಬೇಕು. ನಮ್ಮ ಕಡೆ ಹಳ್ಳಿಗಳಲ್ಲಿ ಓಡುವವರೆಂದರೆ ಬಹುಪಾಲು ನೇಮಕಾತಿಗಾಗಿ ಓಡುವ ಹುಡುಗರು. ಕಾನ್‌ಸ್ಟೆಬಲ್ ಹುದ್ದೆಗೆ ಪುರುಷರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಆ ಹುಡುಗರು ಮೊದಲ ದಿನದಿಂದಲೇ ಏದುಸಿರು ಬಿಡುತ್ತಾ ಓಡುತ್ತಾರೆ. ನೇಮಕವಾದರೂ ಆಗದಿದ್ದರೂ ಆಮೇಲೆ ಓಟ ನಿಲ್ಲುತ್ತದೆ. ಎಷ್ಟೋ ಮಂದಿಯ ಮುಂಗಾಲಿನ ಮೂಳೆ ನೋವು ಮಾತ್ರ ಉಳಿದುಬಿಡುತ್ತದೆ. ದೂರದ ಓಟದ ರೀತಿಯೇ ಬೇರೆ. ಅಲ್ಲಿ ಹೊಸಬರು ಮೊದಲು ಕಲಿಯಬೇಕಾದದ್ದು ನಿಧಾನವಾಗಿ ಓಡುವುದನ್ನು.

ಕಾರಣ ನಮ್ಮ ದೇಹದಲ್ಲೇ ಇದೆ. ಕೆಲವು ವಾರ ನಿಯಮಿತವಾಗಿ ಓಡಿದರೆ ಹೃದಯ ಒಂದು ಬಡಿತಕ್ಕೆ ಹೊರಹಾಕುವ ರಕ್ತ ಹೆಚ್ಚುತ್ತದೆ, ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ, ದಮ್ಮು ಹತ್ತುವುದು ಕಡಿಮೆಯಾಗುತ್ತದೆ. ಮೂಳೆ, ಹಿಮ್ಮಡಿಯ ಸ್ನಾಯುರಜ್ಜು ಗಟ್ಟಿಯಾಗಲು ಮಾತ್ರ ತಿಂಗಳುಗಳೇ ಬೇಕು. ಈ ಎರಡರ ನಡುವಿನ ಅಂತರದಲ್ಲೇ ಪೆಟ್ಟಾಗುವುದು. ಎದೆ ‘ಇನ್ನೂ ಓಡು’ ಎನ್ನುತ್ತದೆ, ಕಾಲು ಸಿದ್ಧವಾಗಿರುವುದಿಲ್ಲ. ಹಾಗಾಗಿ ಒಂದೆರಡು ನಿಮಿಷ ಓಟ, ಒಂದೆರಡು ನಿಮಿಷ ನಡಿಗೆ, ಹೀಗೆ ಅರ್ಧ ಗಂಟೆ. ವಾರಕ್ಕೆ ಮೂರು ನಾಲ್ಕು ದಿನ. ಓಟದ ಪಾಲನ್ನು ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋಗಬೇಕು. ನಲವತ್ತು ದಾಟಿದವರು, ಬಿಪಿ, ಶುಗರ್ ಇರುವವರು ಮೊದಲು ಡಾಕ್ಟರಿಗೆ ತೋರಿಸಿಕೊಳ್ಳಬೇಕು.

ವೇಗ ಸರಿಯಿದೆಯೇ ಎಂದು ತಿಳಿಯಲು ಬೆಲೆಬಾಳುವ ವಾಚೇನೂ ಬೇಡ. ಓಡುತ್ತಾ ಜೊತೆಯವನೊಂದಿಗೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗಬೇಕು. ಟಿಕೆಟ್ ಯಾರಿಗೆ ಸಿಗಬೇಕು, ಯಾಕೆ ಸಿಗಬೇಕು ಎಂದು ವಾದ ಮಾಡಲು ಉಸಿರು ಉಳಿದಿದ್ದರೆ ಆ ಓಟ ಹದವಾಗಿದೆ. ಎರಡು ಪದಕ್ಕೇ ಉಸಿರು ಕಟ್ಟಿದರೆ ವೇಗ ಇಳಿಸಬೇಕು. ತಾಲೂಕಿನ ರಾಜಕೀಯ ನನಗೆ ಈ ಲೆಕ್ಕದಲ್ಲಿ ಬಹಳ ಉಪಯೋಗಕ್ಕೆ ಬಂದಿದೆ.

ಅಕ್ಟೋಬರ್, ನವೆಂಬರ್‌ನಲ್ಲಿ ನಮ್ಮ ಕಡೆಯ ರಸ್ತೆಗಳು ಅರ್ಧಕ್ಕರ್ಧ ಕಣವಾಗುತ್ತವೆ. ಡಾಂಬರಿನ ಮೇಲೆ ಮೆಕ್ಕೆಜೋಳ ಹರವಿ, ವಾಹನ ಹತ್ತದಂತೆ ಅಂಚಿಗೆ ಕಲ್ಲು ಸಾಲಿಟ್ಟು, ರಾತ್ರಿ ಕಾವಲಿಗೆ ಪಕ್ಕದಲ್ಲೇ ಮಲಗಿರುತ್ತಾರೆ. ನಸುಕಿನಲ್ಲಿ ಆ ಕಲ್ಲುಗಳು ಕಾಣುವುದಿಲ್ಲ. ಕಾಲುಬೆರಳಿಗೆ ಎಡವಿದರೆ ವಾರಗಟ್ಟಲೆ ಓಟ ತಪ್ಪುತ್ತದೆ. ಹರಡಿದ ಕಾಳಿನ ಮೇಲೆ ಕಾಲಿಟ್ಟರೆ ಜಾರುವುದೂ ಖಚಿತ, ಅನ್ನದ ಮೇಲೆ ಕಾಲಿಟ್ಟ ಪಾಪವೂ ಖಚಿತ. ಕೈಯಲ್ಲಿ ಟಾರ್ಚ್ ಇರಲಿ, ಎದುರು ಬರುವ ಗಾಡಿಗಳು ಕಣ್ಣಿಗೆ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಓಡಿ, ಎರಡೂ ಕಿವಿಗೆ ಇಯರ್‌ಫೋನ್ ತುರುಕಬೇಡಿ. ದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರ್‌ನ ಸದ್ದು ಕೇಳಿಸಲೇಬೇಕು. ಎರೆಹೊಲದ ದಾರಿಯಂತೂ ಮಳೆ ಬಿದ್ದ ಮರುದಿನ ಬೇಡವೇ ಬೇಡ.

ಈ ಸೀಮೆಯ ಕಾಲುಗಳಿಗೆ ದೂರ ಹೊಸದಲ್ಲ. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದ ಪಾದಯಾತ್ರೆಯಲ್ಲಿ ಸಾವಿರಾರು ಮಂದಿ ನಡೆದು ಬರುತ್ತಾರೆ, ದಾರಿಯುದ್ದಕ್ಕೂ ಊರವರು ಹಣ್ಣು, ಮಜ್ಜಿಗೆ, ಊಟ ಇಟ್ಟುಕೊಂಡು ಕಾಯುತ್ತಾರೆ. ಆ ನಡಿಗೆ ಮಾಡಿದವರು ಓಟ ಕಲಿಯುವುದು ಬೇಗ. ರಾಜಕೀಯವೂ ನಮ್ಮ ಸೀಮೆಗೆ ನಡೆದೇ ಬಂದದ್ದುಂಟು. 2010ರ ಜುಲೈ 25ರಿಂದ ಆಗಸ್ಟ್ 9ರವರೆಗೆ ಅಕ್ರಮ ಗಣಿಗಾರಿಕೆಯ ವಿರುದ್ಧ ಸಿದ್ದರಾಮಯ್ಯ ಮತ್ತು ಸಂಗಡಿಗರು ಬೆಂಗಳೂರಿನಿಂದ ಬಳ್ಳಾರಿಗೆ ಸುಮಾರು 320 ಕಿಲೋಮೀಟರ್ ನಡೆದದ್ದು ಇಲ್ಲಿ ಇನ್ನೂ ಯಾರೂ ಮರೆತಿಲ್ಲ.

ಓಟ ಮತ್ತು ಪಕ್ಷದೊಳಗಿನ ಸ್ಪರ್ಧೆ ನಿಜವಾಗಿಯೂ ಒಂದೇ ಮನುಷ್ಯನ ಮೇಲೆ ಒಟ್ಟಿಗೆ ಬಿದ್ದ ಪ್ರಸಂಗವೊಂದು ಅಮೆರಿಕದ್ದು. 1979ರ ಸೆಪ್ಟೆಂಬರ್ 15. ಅಧ್ಯಕ್ಷ ಜಿಮ್ಮಿ ಕಾರ್ಟರ್ ಕ್ಯಾಂಪ್ ಡೇವಿಡ್ ಬಳಿಯ ಕಟಾಕ್ಟಿನ್ ಬೆಟ್ಟದಲ್ಲಿ ಹತ್ತು ಕಿಲೋಮೀಟರ್ ಓಟಕ್ಕಿಳಿದರು. ಆಗ ಅವರಿಗೆ 54 ವರ್ಷ. ದಿನ ಬಿಸಿಯಾಗಿತ್ತು, ದಾರಿ ಏರಿನದಾಗಿತ್ತು, ಹಿಂದಿನ ವೇಳೆಗಿಂತ ಬೇಗ ಮುಗಿಸಬೇಕೆಂಬ ಹಟ ಅವರಿಗಿತ್ತು. ನಾಲ್ಕು ಮೈಲಿಯ ಹೊತ್ತಿಗೆ ಮುಖ ಬಿಳಿಚಿ, ಕಾಲು ಕುಸಿದು, ಕಾವಲಿನವರ ತೋಳಿಗೆ ಒರಗಿದರು. ಆ ಚಿತ್ರ ಲೋಕವೆಲ್ಲ ಸುತ್ತಿತು. ಅದೇ ಹೊತ್ತಿಗೆ ಸ್ವಂತ ಪಕ್ಷದ ಎಡ್ವರ್ಡ್ ಕೆನಡಿ ಅವರ ವಿರುದ್ಧ ನಿಲ್ಲಲು ಸಜ್ಜಾಗುತ್ತಿದ್ದರು. ಓಟದಲ್ಲಿ ಕುಸಿದ ಅಧ್ಯಕ್ಷ ಸ್ಪರ್ಧೆಯಲ್ಲೂ ಕುಸಿಯುತ್ತಾರೆ ಎಂದು ಜನ ಅರ್ಥ ಹಚ್ಚಿದರು. ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿದ ಮರುಗಳಿಗೆಯೇ ಅದಕ್ಕೆ ರಾಜಕೀಯದ ಅರ್ಥ ಹಚ್ಚುವ ಸೀಮೆಯವರಿಗೆ ಇದು ಅಚ್ಚರಿಯಲ್ಲ.

ಆದರೆ ಅರ್ಥ ಹಚ್ಚಿದವರು ತಪ್ಪಿದರು. 1980ರ ಜನವರಿಯಲ್ಲಿ ಅಯೋವಾ ರಾಜ್ಯದ ಪಕ್ಷದೊಳಗಿನ ಸ್ಪರ್ಧೆಯಲ್ಲಿ ಕಾರ್ಟರ್ ಕೆನಡಿಯವರನ್ನು ದೊಡ್ಡ ಅಂತರದಿಂದ ಹಿಂದಿಕ್ಕಿದರು. ಕೆನಡಿ ಆಗಸ್ಟ್‌ನ ಮಹಾಧಿವೇಶನದವರೆಗೂ ಬಿಡದೆ ಹೋರಾಡಿದರೂ ಪಕ್ಷದ ಉಮೇದುವಾರಿಕೆ ಕಾರ್ಟರ್ ಅವರಿಗೇ ಸಿಕ್ಕಿತು. ಸೋತದ್ದು ನವೆಂಬರಿನಲ್ಲಿ, ರೇಗನ್ ಎದುರು. ಆ ಕುಸಿತದ ಕಾರಣವಂತೂ ಓಡುವವರಿಗೆಲ್ಲ ಗೊತ್ತಿರಬೇಕಾದದ್ದು. ಓಡುವಾಗ ದೇಹ ಸುಡುವ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಚಲನೆಗೆ ಹೋಗುತ್ತದೆ, ಉಳಿದದ್ದೆಲ್ಲ ಶಾಖ. ಬಿಸಿಯ ದಿನ ಆ ಶಾಖ ಬಹುಮಟ್ಟಿಗೆ ಹೊರಹೋಗುವುದು ಬೆವರು ಆರುವುದರಿಂದಲೇ. ಬಿಸಿಲಿಗೆ ದೇಹ ಒಗ್ಗಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಹಾಗಿರುವಾಗ ಮಾರ್ಚ್‌ನಿಂದ ಮೇವರೆಗೆ ನಮ್ಮ ಕಡೆ ಬಿಸಿಲೇರಿದ ಮೇಲೆ ವೇಗದ ಓಟಕ್ಕೆ ಹೋಗುವುದು ಅಪಾಯ. ದೀರ್ಘ ಓಟದಲ್ಲಿ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯುವುದೂ ಒಳ್ಳೆಯದಲ್ಲ, ರಕ್ತದ ಉಪ್ಪಿನಂಶ ಇಳಿದುಬಿಡುತ್ತದೆ. ಉಪ್ಪು ಹಾಕಿದ ನೀರುಮಜ್ಜಿಗೆ ನಮ್ಮ ಮನೆಗಳಲ್ಲೇ ಇದೆಯಲ್ಲ.

ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಅಮೆರಿಕದ ‘ಪ್ರೈಮರಿ’ ಎಂಬ ಏರ್ಪಾಟು ಹಿಂದಿನಿಂದಲೂ ಹೀಗೇ ಇತ್ತೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಹಾಗಿಲ್ಲ. 1968ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾದ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸಿರಲಿಲ್ಲ. ಪಕ್ಷದ ಮುಖಂಡರು ಷಿಕಾಗೋ ಅಧಿವೇಶನದಲ್ಲಿ ಅವರನ್ನು ಆರಿಸಿದರು. ಹೊರಗೆ ಬೀದಿಯಲ್ಲಿ ಯುದ್ಧವಿರೋಧಿ ಯುವಕರ ಮೇಲೆ ಪೊಲೀಸರು ಲಾಠಿ ಬೀಸುತ್ತಿದ್ದರು. ಆ ಸಿಟ್ಟಿನ ಫಲವಾಗಿ 1969ರಲ್ಲಿ ಮೆಕ್‌ಗವರ್ನ್–ಫ್ರೇಸರ್ ಆಯೋಗ ನೇಮಕವಾಯಿತು. ಅದು ಮಾಡಿದ ನಿಯಮಗಳಿಂದಾಗಿ 1972ರ ಹೊತ್ತಿಗೆ ಅಭ್ಯರ್ಥಿಯನ್ನು ಆರಿಸುವ ಅಧಿಕಾರ ಮುಚ್ಚಿದ ಕೋಣೆಯಿಂದ ರಾಜ್ಯ ರಾಜ್ಯಗಳ ಮತದಾರರ ಕೈಗೆ ಬಂತು. 1976ರಲ್ಲಿ ಜಾರ್ಜಿಯಾದ ನೆಲಗಡಲೆ ರೈತ ಕಾರ್ಟರ್ ಮೇಲೆ ಬಂದದ್ದು ಅದೇ ದಾರಿಯಿಂದ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2018ರಲ್ಲಿ ಮಿಷಿಗನ್ ರಾಜ್ಯಪಾಲ ಸ್ಥಾನದ ಪ್ರೈಮರಿಯಲ್ಲಿ ಸೋತು, 2022ರಲ್ಲಿ ಅಲ್ಲಿಯದೇ ಕ್ಷೇತ್ರವೊಂದರ ಪ್ರೈಮರಿ ಗೆದ್ದು ಅಮೆರಿಕದ ಸಂಸತ್ತಿಗೆ ಹೋದದ್ದೂ ಅದೇ ದಾರಿಯಿಂದ. ಹಣದ ಹರಿವು ಅಲ್ಲಿಯೂ ದೊಡ್ಡ ರೋಗವೇ. ಆದರೆ ಸ್ಪರ್ಧೆ ತಿಂಗಳುಗಟ್ಟಲೆ ಬಯಲಿನಲ್ಲಿ ನಡೆಯುತ್ತದೆ. ಒಬ್ಬ ಅಭ್ಯರ್ಥಿ ಸೋತ ಮರುದಿನ ಹೇಗೆ ಮಾತಾಡುತ್ತಾನೆ, ದಣಿದಾಗ ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನು ಜನ ನೋಡುತ್ತಾರೆ.

ಅದೇ 1969ರಲ್ಲಿ ನಮ್ಮಲ್ಲೇನಾಯಿತು? ಹರಪನಹಳ್ಳಿ ತಾಲೂಕಿನ ಹಲುವಾಗಲಿನಲ್ಲಿ 1902ರ ಡಿಸೆಂಬರ್ 10ರಂದು ಹುಟ್ಟಿದ ಎಸ್. ನಿಜಲಿಂಗಪ್ಪ ಆಗ ಕಾಂಗ್ರೆಸ್ ಅಧ್ಯಕ್ಷರು. ನಮ್ಮ ನೆರೆಯ ಊರಿನ ಈ ಹಿರಿಯರ ಕೈಯಲ್ಲಿ ದೇಶದ ಅತಿ ದೊಡ್ಡ ಪಕ್ಷದ ಚುಕ್ಕಾಣಿ ಇತ್ತು ಎಂಬುದನ್ನು ನಮ್ಮ ಶಾಲೆಗಳ ಮಕ್ಕಳಿಗೆ ಯಾರೂ ಒತ್ತಿ ಹೇಳುವುದಿಲ್ಲ, ಅದು ನನಗೆ ನೋವಿನ ಸಂಗತಿ. ಆ ವರ್ಷದ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಸಭೆ ಸೇರಿತು. ಝಾಕಿರ್ ಹುಸೇನ್ ಅವರ ನಿಧನದಿಂದ ರಾಷ್ಟ್ರಪತಿ ಸ್ಥಾನ ತೆರವಾಗಿತ್ತು. ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ನಿರ್ಧರಿಸಬೇಕಿದ್ದದ್ದು ಬೆರಳೆಣಿಕೆಯ ಮಂದಿಯ ಸಂಸದೀಯ ಮಂಡಳಿ. ಅದು ಬಹುಮತದಿಂದ ನೀಲಂ ಸಂಜೀವ ರೆಡ್ಡಿಯವರ ಹೆಸರು ಆರಿಸಿತು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಅದು ಒಪ್ಪಿಗೆಯಾಗಲಿಲ್ಲ. ಅವರ ಕಡೆಯಿಂದ ಆತ್ಮಸಾಕ್ಷಿಯ ಮತ ಎಂಬ ಕರೆ ಹೊರಟಿತು. ಆಗಸ್ಟ್‌ನಲ್ಲಿ ಪಕ್ಷದ ಅಧಿಕೃತ ಅಭ್ಯರ್ಥಿ ಸೋತು, ಎದುರು ನಿಂತಿದ್ದ ವಿ.ವಿ. ಗಿರಿ ಗೆದ್ದರು. ನವೆಂಬರ್ 12ಕ್ಕೆ ನಿಜಲಿಂಗಪ್ಪನವರ ಪಕ್ಷ ಪ್ರಧಾನಿಯನ್ನೇ ಉಚ್ಚಾಟಿಸಿತು. ಪಕ್ಷ ಎರಡು ಹೋಳಾಯಿತು.

ಯಾರು ಸರಿ, ಯಾರು ತಪ್ಪು ಎಂಬ ವಾದ ಐವತ್ತು ವರ್ಷಗಳಿಂದ ನಡೆದಿದೆ. ನನಗೆ ಮುಖ್ಯವಾಗಿ ಕಾಣುವುದು ಇದು: ಸಾಮಾನ್ಯ ಸದಸ್ಯರನ್ನು ಕೇಳುವ ಒಂದು ಏರ್ಪಾಟು ಪಕ್ಷದೊಳಗೆ ಇದ್ದಿದ್ದರೆ ಆ ಜಗಳ ಅಲ್ಲಿಯೇ ತೀರಬಹುದಿತ್ತು. ಒಂದೇ ಸಮಯದಲ್ಲಿ ಎರಡು ದೇಶಗಳ ದೊಡ್ಡ ಪಕ್ಷಗಳಿಗೆ ಒಂದೇ ಪ್ರಶ್ನೆ ಎದುರಾಯಿತು. ಒಂದು ಬಾಗಿಲು ತೆರೆಯಿತು. ಇನ್ನೊಂದು ಒಡೆದು ಹೋಳಾಯಿತು, ಆಮೇಲೆ ಬಾಗಿಲನ್ನು ಮೊದಲಿಗಿಂತ ಬಿಗಿಯಾಗಿ ಮುಚ್ಚಿಕೊಂಡಿತು. ನಂತರದ ದಶಕಗಳಲ್ಲಿ ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ಮತದಾನ ನಡೆದದ್ದು 1977ರಲ್ಲಿ, 1997ರಲ್ಲಿ, 2000ದಲ್ಲಿ, ಆಮೇಲೆ 2022ರಲ್ಲಿ ಮಾತ್ರ. ಬೇರೆ ಪಕ್ಷಗಳೂ ಈ ವಿಷಯದಲ್ಲಿ ಮೇಲೇನಲ್ಲ. ಹೆಚ್ಚಿನವುಗಳಲ್ಲಿ ಸ್ಪರ್ಧೆಯೇ ನಡೆಯದೆ ಅಧ್ಯಕ್ಷರು ಅವಿರೋಧವಾಗಿ ಆಯ್ಕೆಯಾಗುತ್ತಾರೆ.

ನಮ್ಮ ಕ್ಷೇತ್ರಕ್ಕೆ ಬನ್ನಿ. ಹಗರಿಬೊಮ್ಮನಹಳ್ಳಿ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರ. 2008ರಲ್ಲಿ ಬಿಜೆಪಿಯಿಂದ ಗೆದ್ದ ನೇಮಿರಾಜ ನಾಯ್ಕ 2023ರಲ್ಲಿ ಜೆಡಿಎಸ್‌ನಿಂದ ಗೆದ್ದರು. ನಡುವೆ 2013ರಲ್ಲಿ ಜೆಡಿಎಸ್‌ನಿಂದ ಗೆದ್ದ ಭೀಮಾ ನಾಯ್ಕ 2018ರಲ್ಲಿ ಕಾಂಗ್ರೆಸ್‌ನಿಂದ ಗೆದ್ದರು. ನಾಲ್ಕು ಚುನಾವಣೆ, ಇಬ್ಬರು ಶಾಸಕರು, ಮೂರು ಪಕ್ಷ. ಪಕ್ಷ ಬದಲಿಸಿದವರನ್ನು ದೂರುವುದು ಸುಲಭ. ಆದರೆ ಟಿಕೆಟ್ ಯಾರಿಗೆ ಎಂಬುದು ಬೆಂಗಳೂರು, ದೆಹಲಿಗಳಲ್ಲಿ ತೀರ್ಮಾನವಾಗಿ, ನಾಮಪತ್ರದ ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಬಿ ಫಾರಂ ಚುನಾವಣಾಧಿಕಾರಿಯ ಮೇಜು ಮುಟ್ಟಿದರೆ ಸಾಕು ಎಂಬ ವ್ಯವಸ್ಥೆಯಲ್ಲಿ ಬೇರೇನು ನಡೆದೀತು? ಅಭ್ಯರ್ಥಿಯನ್ನು ಪಕ್ಷ ಹೇಗೆ ಆರಿಸಬೇಕೆಂದು ಹೇಳುವ ಕಾನೂನು ನಮ್ಮಲ್ಲಿ ಇಲ್ಲ. 2023ರ ಚುನಾವಣೆಗೆ ಕಾಂಗ್ರೆಸ್ ಟಿಕೆಟ್ ಬೇಕೆಂದವರು ಪಕ್ಷದ ರಾಜ್ಯ ಸಮಿತಿಯಾದ ಕೆಪಿಸಿಸಿಗೆ ಅರ್ಜಿಯ ಜೊತೆ ಎರಡು ಲಕ್ಷ, ಪರಿಶಿಷ್ಟರಾದರೆ ಒಂದು ಲಕ್ಷ ರೂಪಾಯಿ ಕಟ್ಟಬೇಕಿತ್ತು. ಊರಿನ ಕಾರ್ಯಕರ್ತನನ್ನು ಕೇಳುವ ಕ್ರಮ ಮಾತ್ರ ಅದರಲ್ಲಿ ಇರಲಿಲ್ಲ.

ಒಮ್ಮೆ ಮಾತ್ರ ಕರ್ನಾಟಕದಲ್ಲೇ ನಿಜವಾದ ಪ್ರೈಮರಿ ನಡೆದಿತ್ತು. 2014ರ ಲೋಕಸಭಾ ಚುನಾವಣೆಗೆ ಮುನ್ನ ರಾಹುಲ್ ಗಾಂಧಿ ದೇಶದ ಕೆಲವೇ ಕ್ಷೇತ್ರಗಳಲ್ಲಿ ಈ ಪ್ರಯೋಗ ಮಾಡಿದರು. ಅದರಲ್ಲಿ ಬೆಂಗಳೂರು ಉತ್ತರ, ದಕ್ಷಿಣ ಕನ್ನಡ ಎರಡೂ ಇದ್ದವು. ಪಕ್ಷದ ಪದಾಧಿಕಾರಿಗಳು, ಚುನಾಯಿತ ಸದಸ್ಯರು ಮತ ಹಾಕಿದರು. ಮಂಗಳೂರಿನಲ್ಲಿ ಜನಾರ್ದನ ಪೂಜಾರಿ ಹರ್ಷ ಮೊಯಿಲಿಯವರನ್ನು ಸೋಲಿಸಿದರು, ಬೆಂಗಳೂರಿನಲ್ಲಿ ಸಿ. ನಾರಾಯಣಸ್ವಾಮಿ ಆಯ್ಕೆಯಾದರು. ಮೇ ತಿಂಗಳಲ್ಲಿ ಇಬ್ಬರೂ ಬಿಜೆಪಿಯ ಎದುರು ಸೋತರು, ಪ್ರಯೋಗವೂ ಅಲ್ಲಿಗೆ ನಿಂತಿತು. ಆ ವರ್ಷ ಕಾಂಗ್ರೆಸ್ ದೇಶದ ಉದ್ದಗಲಕ್ಕೂ ಸೋತಿತ್ತು. ದೆಹಲಿಯಲ್ಲಿ ಆರಿಸಿದ ಅಭ್ಯರ್ಥಿಗಳೂ ಸೋತಿದ್ದರು. ಹಾಗಿದ್ದೂ ಸೋಲಿನ ಹೊಣೆಯನ್ನು ಪ್ರೈಮರಿಯ ತಲೆಗೆ ಕಟ್ಟಿ ಕೈಬಿಟ್ಟದ್ದು ನನ್ನ ಮಟ್ಟಿಗೆ ದೊಡ್ಡ ನಷ್ಟ. ಮೊದಲ ತಿಂಗಳಲ್ಲೇ ಕಾಲು ನೋವೆಂದು ಓಟ ಬಿಟ್ಟವರಿಗೆ ದೇಹ ಏನು ಮಾಡಬಲ್ಲದೆಂಬುದು ತಿಳಿಯುವುದೇ ಇಲ್ಲ. ಇಂಥ ಏರ್ಪಾಟು ಬೇರೂರಲು ನಾಲ್ಕಾರು ಚುನಾವಣೆಗಳಾದರೂ ಬೇಕು.

2022ರ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್‌ನ ಐವರು ಸಂಸದರು ಬರೆದ ಪತ್ರವೊಂದು ಈ ಇಡೀ ವಿಷಯದ ತಿರುಳನ್ನು ಮುಟ್ಟಿತ್ತು. ತರೂರ್, ಮನೀಶ್ ತಿವಾರಿ, ಕಾರ್ತಿ ಚಿದಂಬರಂ ಅವರೂ ಸೇರಿದ್ದ ಆ ಗುಂಪು ಕೇಳಿದ್ದು ಒಂದೇ: ಮತದಾರರ ಪಟ್ಟಿ ಕೊಡಿ. ಯಾರಿಗೆ ಮತವಿದೆ ಎಂಬುದೇ ಗೊತ್ತಿಲ್ಲದೆ ಯಾರನ್ನು ಹೋಗಿ ಕೇಳುವುದು? ಸ್ಪರ್ಧಿಸುವವರು ಪಟ್ಟಿಯನ್ನು ಕಚೇರಿಗೆ ಬಂದು ನೋಡಬಹುದು ಎಂಬಲ್ಲಿಗೆ ಆ ಬೇಡಿಕೆ ಮುಗಿಯಿತು. ಸಾರ್ವಜನಿಕರಿಗೆ ಅದು ತೆರೆಯಲೇ ಇಲ್ಲ.

ನನ್ನ ಬೇಡಿಕೆಯೂ ಅಷ್ಟೇ, ಎಲ್ಲ ಪಕ್ಷಗಳಿಗೂ. ತಂಬ್ರಹಳ್ಳಿಯಲ್ಲಿ, ಕೊಟ್ಟೂರಿನಲ್ಲಿ, ಹಡಗಲಿಯಲ್ಲಿ, ಕೂಡ್ಲಿಗಿಯಲ್ಲಿ, ಹರಪನಹಳ್ಳಿಯಲ್ಲಿ ನಿಮ್ಮ ಸದಸ್ಯರು ಯಾರು ಎಂಬ ಪಟ್ಟಿಯನ್ನು ಊರೂರಿನ ಪಕ್ಷದ ಕಚೇರಿಯ ಗೋಡೆಗೆ ಅಂಟಿಸಿ. ಟಿಕೆಟ್ ಆಕಾಂಕ್ಷಿಗಳನ್ನು ನಾಮಪತ್ರಕ್ಕೆ ಆರು ತಿಂಗಳು ಮುಂಚೆ ಅವರ ಮುಂದೆ ನಿಲ್ಲಿಸಿ ಮಾತಾಡಿಸಿ. ಮೆಕ್ಕೆಜೋಳದ ಬೆಲೆ, ತುಂಗಭದ್ರೆಯ ಹಿನ್ನೀರಿನ ನೀರಾವರಿ, ಮಾಲವಿ ಜಲಾಶಯ, ಆಸ್ಪತ್ರೆ, ಕಾಲೇಜು, ಇವುಗಳ ಬಗ್ಗೆ ಜನ ಕೇಳಲಿ, ಅವರು ಉತ್ತರಿಸಲಿ. ಆಮೇಲೆ ಸದಸ್ಯರು ಮತ ಹಾಕಲಿ, ಎಷ್ಟೆಷ್ಟು ಬಿತ್ತೆಂದು ಪಕ್ಷ ಪ್ರಕಟಿಸಲಿ. ನನ್ನ ಜೊತೆ ಓಡುತ್ತಿದ್ದ ಹುಡುಗನಂಥವರು ಯಾವ ಪಕ್ಷ ಸೇರಿದರೂ ಸರಿ, ಸೇರಿದ ದಿನವೇ ತಮ್ಮ ಹೆಸರು ಆ ಪಟ್ಟಿಯಲ್ಲಿ ಇದೆಯೇ ಎಂದು ಕೇಳಿ ನೋಡಲಿ.